ನಂಬಿಕೆಯ ವಿರೋಧಿಯೇ ಅದರ ಪ್ರಚಾರಕನಾಗುವುದು ಹೇಗೆ? ದಮಸ್ಕದ ದಾರಿಯ ಕಥೆ, ಬುಡದಿಂದ

ಜನವರಿ ಬಂತೆಂದರೆ ನಮ್ಮ ಕರಾವಳಿಯ ಕ್ಯಾಥೊಲಿಕ್ ಇಗರ್ಜಿಗಳಲ್ಲಿ ಸಂತ ಪೌಲನ ಹೆಸರು ಕೇಳಿಬರುತ್ತದೆ. ಜನವರಿ 25 ಅವನ ಮನಪರಿವರ್ತನೆಯ ಹಬ್ಬ. ಹುಟ್ಟಿದ್ದಕ್ಕೆ ಹಬ್ಬ ಮಾಡುತ್ತಾರೆ, ಸತ್ತದ್ದಕ್ಕೂ ಮಾಡುತ್ತಾರೆ, ಮನಸ್ಸು ಬದಲಾದದ್ದಕ್ಕೂ ಹಬ್ಬವಾ ಅಂತ ಕೇಳುವವರು ಕಾರವಾರದಲ್ಲಿ ಬೇಕಾದಷ್ಟು ಜನ ಇದ್ದಾರೆ. ಇದರ ಜೊತೆಗೆ ಈಗ ವಾಟ್ಸಾಪಿನಲ್ಲಿ ವಿಡಿಯೋಗಳು ಬೇರೆ. ಮೊದಲು ಪ್ರಾರ್ಥನಾ ಕೂಟಕ್ಕೆ ಕಲ್ಲು ಹೊಡೆಯುತ್ತಿದ್ದೆ, ಈಗ ಅಲ್ಲೇ ನಿಂತು ಪ್ರಸಂಗ ಮಾಡುತ್ತೇನೆ ಅನ್ನುವ ಥರದವು. ನೋಡಿದ ಕೆಲವರು ಕಣ್ಣು ಒರೆಸಿಕೊಳ್ಳುತ್ತಾರೆ. ಇನ್ನು ಕೆಲವರು "ಎಷ್ಟು ದುಡ್ಡು ಕೊಟ್ಟರಂತೆ?" ಅಂತ ಕೇಳಿ ಮುಂದಿನ ವಿಡಿಯೋಗೆ ಹೋಗುತ್ತಾರೆ.

ಇಂಥ ಕಥೆಗಳಿಗೆಲ್ಲ ಅಚ್ಚು ಒಂದೇ. ಅದು ಸುಮಾರು 2000 ವರ್ಷ ಹಿಂದೆ, ಸಿರಿಯಾದ ದಮಸ್ಕ ಊರಿನ ದಾರಿಯಲ್ಲಿ ಇದೇ ಪೌಲನಿಗೆ ನಡೆದದ್ದು. ಆ ಮೂಲ ಕಥೆ ಸರಿಯಾಗಿ ಗೊತ್ತಿದ್ದರೆ ಉಳಿದವನ್ನು ಅಳೆಯುವುದು ಸುಲಭ. ಮತಾಂತರದ ಕಾನೂನು, ಅದರ ರಾಜಕೀಯ ಇವನ್ನು ನಾನಿಲ್ಲಿ ಮುಟ್ಟುವುದಿಲ್ಲ, ಅದಕ್ಕೆ ಬೇರೆ ಲೇಖನವೇ ಬೇಕು. ಇಲ್ಲಿರುವ ಪ್ರಶ್ನೆ ಇಷ್ಟೇ: ಒಂದು ನಂಬಿಕೆಯನ್ನು ಹುಟ್ಟಡಗಿಸುತ್ತೇನೆ ಅಂತ ಹೊರಟ ಮನುಷ್ಯ, ಅದಕ್ಕಾಗಿ ಏಟು ತಿನ್ನುವ ಹಂತಕ್ಕೆ ಹೇಗೆ ಬರುತ್ತಾನೆ?

ಸೌಲ ಯಾರು?

ಪೌಲನ ಇನ್ನೊಂದು ಹೆಸರು ಸೌಲ. ಹುಟ್ಟಿದ್ದು ತಾರ್ಸದಲ್ಲಿ, ಅದು ಈಗಿನ ಟರ್ಕಿ ದೇಶದಲ್ಲಿದೆ. ಜಾತಿಯಿಂದ ಯೆಹೂದಿ. ಅದರಲ್ಲೂ ಫರಿಸಾಯ ಪಂಥದವನು. ಫರಿಸಾಯರು ಅಂದರೆ ಮೋಶೆಯ ಧರ್ಮಶಾಸ್ತ್ರವನ್ನು ದಿನದ ಬದುಕಿನ ಸಣ್ಣ ಸಣ್ಣ ವಿಷಯಕ್ಕೂ ಅನ್ವಯಿಸಿಕೊಂಡು ಕಟ್ಟುನಿಟ್ಟಾಗಿ ನಡೆಯುತ್ತಿದ್ದವರು. ಯೆರೂಸಲೇಮಿನಲ್ಲಿ ಗಮಲಿಯೇಲ ಎಂಬ ದೊಡ್ಡ ಗುರುವಿನ ಹತ್ತಿರ ಓದಿದವನು. ಕಸುಬು ಗುಡಾರ ಮಾಡುವುದು. ಓದಿದ ಪಂಡಿತನೂ ಹೌದು, ಕೈಕೆಲಸದವನೂ ಹೌದು.

ಬೈಬಲಿನಲ್ಲಿ ಅವನು ಮೊದಲು ಕಾಣಿಸುವುದು ಒಂದು ಕೊಲೆಯ ಜಾಗದಲ್ಲಿ. ಯೇಸುವನ್ನು ಶಿಲುಬೆಗೆ ಹಾಕಿ ಕೆಲವೇ ವರ್ಷ ಆಗಿರುತ್ತದೆ. ಅವನ ಶಿಷ್ಯರಲ್ಲಿ ಸ್ತೆಫನ ಎಂಬವನನ್ನು ಜನ ಊರಾಚೆಗೆ ಎಳೆದೊಯ್ದು ಕಲ್ಲು ಹೊಡೆಯುತ್ತಾರೆ. ಕಲ್ಲು ಎತ್ತಿ ಬೀಸಬೇಕಾದರೆ ಮೈಮೇಲಿನ ಉದ್ದ ಬಟ್ಟೆ ಅಡ್ಡ ಬರುತ್ತದಲ್ಲ, ಅದನ್ನು ಕಳಚಿ ಒಬ್ಬ ಯುವಕನ ಕಾಲ ಹತ್ತಿರ ಇಡುತ್ತಾರೆ. ಆ ಯುವಕನೇ ಸೌಲ. ಅವನು ಕಲ್ಲು ಹೊಡೆದ ಅಂತ ಬೈಬಲ್ ಹೇಳುವುದಿಲ್ಲ. ಬಟ್ಟೆ ಕಾದ, ಕೊಲೆಗೆ ಒಪ್ಪಿಗೆ ಇತ್ತು ಅಂತ ಹೇಳುತ್ತದೆ. ಅಲ್ಲಿಂದ ಮುಂದೆ ಸುಮ್ನೆ ನಿಂತು ನೋಡುವುದೂ ನಿಂತಿತು. ಮನೆಮನೆ ಹೊಕ್ಕು ಗಂಡಸರು, ಹೆಂಗಸರು ಅನ್ನದೆ ಎಳೆದು ಸೆರೆಮನೆಗೆ ಹಾಕಿಸತೊಡಗಿದ.

ವಾಲ್ಮೀಕಿ ಕಥೆಯ ಹಾಗೆ ಅಲ್ಲ

ಶಿರಸಿ ಕಡೆಯ ಗೆಳೆಯರೊಬ್ಬರಿಗೆ ಇಷ್ಟು ಹೇಳಿದ್ದೇ ತಡ, "ಇದು ನಮ್ಮ ವಾಲ್ಮೀಕಿ ಕಥೆನೇ ಅಲ್ದಾ ಮಾರಾಯಾ" ಅಂದರು. ಹೆಚ್ಚಿನವರಿಗೆ ಮೊದಲು ನೆನಪಾಗುವುದು ಅದೇ. ದಾರಿ ಕಾದು ಸುಲಿಯುತ್ತಿದ್ದ ಬೇಡ ಋಷಿಯಾದ. ಬೆರಳುಗಳ ಮಾಲೆ ಹಾಕಿಕೊಂಡಿದ್ದ ಅಂಗುಲಿಮಾಲ ಬುದ್ಧನ ಮುಂದೆ ಭಿಕ್ಷುವಾದ. ಕೆಟ್ಟವನು ಒಳ್ಳೆಯವನಾದ ಕಥೆಗಳು ಇವು.

ಸೌಲನ ಕಥೆ ಹಾಗಲ್ಲ. ಅವನು ದರೋಡೆಕೋರನಲ್ಲ. ಅವನ ಊರಿನವರನ್ನು ಕೇಳಿದ್ದರೆ ಒಳ್ಳೆಯ ಮನೆತನದ, ಓದಿದ, ದೈವಭಕ್ತ ಹುಡುಗ ಅಂತಲೇ ಹೇಳುತ್ತಿದ್ದರು. ಮುಂದೆ ಫಿಲಿಪ್ಪಿ ಊರಿನವರಿಗೆ ಬರೆದ ಪತ್ರದಲ್ಲಿ ಅವನೇ ತನ್ನ ಹಳೆಯ ಬದುಕಿನ ಲೆಕ್ಕ ಒಪ್ಪಿಸುತ್ತಾನೆ: ಎಂಟನೆಯ ದಿನ ಸುನ್ನತಿ ಆಯಿತು, ಬೆನ್ಯಾಮೀನನ ಕುಲ, ಧರ್ಮಶಾಸ್ತ್ರದ ಪ್ರಕಾರ ನನ್ನಲ್ಲಿ ತಪ್ಪು ಇರಲಿಲ್ಲ. ಅದೇ ಪಟ್ಟಿಯಲ್ಲಿ, ಅದೇ ಉಸಿರಿನಲ್ಲಿ, ಸಭೆಯನ್ನು, ಅಂದರೆ ಯೇಸುವನ್ನು ನಂಬಿದವರ ಗುಂಪನ್ನು, ಹಿಂಸೆ ಮಾಡಿದ್ದನ್ನೂ ತನ್ನ ಆಗಿನ ಶ್ರದ್ಧೆಗೆ ಗುರುತಾಗಿ ಸೇರಿಸುತ್ತಾನೆ. ಅಂದರೆ ಆಗ ಅವನಿಗೆ ಅದು ಪಾಪ ಅಂತ ಕಾಣಲೇ ಇಲ್ಲ, ದೇವರ ಕೆಲಸ ಅಂತ ಕಂಡಿತ್ತು. ಇದು ತಲೆಗೆ ಹೋಗದಿದ್ದರೆ ಮುಂದಿನದ್ದು ಒಂದೂ ಅರ್ಥವಾಗುವುದಿಲ್ಲ. ಕೆಟ್ಟದ್ದು ಮಾಡುತ್ತಿದ್ದೇನೆ ಅಂತ ಗೊತ್ತಿದ್ದವನು ತಿರುಗುವುದು ಒಂದು ರೀತಿ. ನಾನು ಮಾಡುತ್ತಿರುವುದೇ ಸರಿ ಅಂತ ಎದೆ ತಟ್ಟಿ ಹೇಳುವವನು ತಿರುಗುವುದು ಬೇರೆಯೇ ರೀತಿ.

ಅಷ್ಟೊಂದು ಕೋಪ ಯಾಕೆ?

ಯೆಹೂದಿಗಳು ಮೆಸ್ಸೀಯನಿಗಾಗಿ, ಅಂದರೆ ದೇವರು ಅಭಿಷೇಕ ಮಾಡಿ ಕಳಿಸುವ ರಾಜನಿಗಾಗಿ ಕಾಯುತ್ತಿದ್ದರು. ಊರು ರೋಮನ್ನರ ಕೈಯಲ್ಲಿತ್ತು. ಹೀಗಿರುವಾಗ ಗಲಿಲಾಯದ ಕೆಲವು ಬೆಸ್ತರು ಮತ್ತು ಅವರ ಜೊತೆಯವರು, ಬಂದುಬಿಟ್ಟಿದ್ದಾನೆ, ಅವನೇ ಯೇಸು, ರೋಮನ್ನರು ಶಿಲುಬೆಗೆ ಹಾಕಿ ಕೊಂದರು, ಆದರೆ ಎದ್ದು ಬಂದಿದ್ದಾನೆ ಅಂತ ಸಾರತೊಡಗಿದರು. ಸೌಲನಂಥವನಿಗೆ ಇದು ಬರೀ ತಪ್ಪು ಅಭಿಪ್ರಾಯ ಅಲ್ಲ, ದೇವದೂಷಣೆ. ಮರಕ್ಕೆ ತೂಗುಹಾಕಿಸಿಕೊಂಡವನು ದೇವರ ಶಾಪಕ್ಕೆ ಗುರಿಯಾದವನು ಅಂತ ಅವನು ಓದಿದ ಶಾಸ್ತ್ರದಲ್ಲೇ ಬರೆದಿದೆ. ಶಾಪಕ್ಕೆ ಗುರಿಯಾದವನು ಮೆಸ್ಸೀಯ ಆಗುವುದು ಹೇಗೆ?

ಇನ್ನೊಂದು ವಿಷಯ ಇಲ್ಲಿ ಹೇಳಿಬಿಡಬೇಕು. ಆಗ ಕ್ರೈಸ್ತ ಧರ್ಮ ಅಂತ ಒಂದು ಬೇರೆ ಧರ್ಮ ಇರಲಿಲ್ಲ. ಯೇಸುವಿನ ಶಿಷ್ಯರೂ ಯೆಹೂದಿಗಳೇ, ಅದೇ ದೇವಾಲಯಕ್ಕೆ ಹೋಗುತ್ತಿದ್ದವರೇ. ಅವರ ಗುಂಪಿಗೆ 'ಮಾರ್ಗ' ಅಂತ ಕರೆಯುತ್ತಿದ್ದರು. ಹಾಗಾಗಿ ಸೌಲನ ಜಗಳ ಪರಧರ್ಮದವರ ಜೊತೆ ಅಲ್ಲ, ಮನೆಯೊಳಗಿನ ಜಗಳ. ಮನೆಯೊಳಗಿನ ಜಗಳ ಜಾಸ್ತಿ ಕಹಿ ಅನ್ನುವುದು ಯಾರಿಗೆ ಗೊತ್ತಿಲ್ಲ ಹೇಳಿ.

ದಾರಿಯಲ್ಲಿ ಏನಾಯಿತು?

ಸೌಲ ಮಹಾಯಾಜಕನಿಂದ ಪತ್ರಗಳನ್ನು ಬರೆಸಿಕೊಂಡು ದಮಸ್ಕಕ್ಕೆ ಹೊರಟ. ಅಲ್ಲಿನ ಸಭಾಮಂದಿರಗಳಲ್ಲಿ ಈ 'ಮಾರ್ಗ'ದವರು ಯಾರಾದರೂ ಸಿಕ್ಕರೆ ಕಟ್ಟಿ ಯೆರೂಸಲೇಮಿಗೆ ತರಬೇಕು. ದೂರ ಸುಮಾರು 220 ಕಿಲೋಮೀಟರ್, ಹೆಚ್ಚುಕಡಿಮೆ ಕಾರವಾರದಿಂದ ಉಡುಪಿಗೆ ಹೋದಷ್ಟು. ನಡೆದರೆ ವಾರದ ದಾರಿ. ಇತಿಹಾಸಕಾರರು ಇದನ್ನು ಸಾಮಾನ್ಯವಾಗಿ ಕ್ರಿ.ಶ. 33ರಿಂದ 36ರ ಒಳಗೆ ಇಡುತ್ತಾರೆ.

ಊರು ಹತ್ತಿರ ಬಂದಾಗ ನಡುಹಗಲಲ್ಲಿ ಆಕಾಶದಿಂದ ಬೆಳಕು ಹೊಡೆಯಿತು, ಸೌಲ ನೆಲಕ್ಕೆ ಬಿದ್ದ. "ಸೌಲನೇ, ಸೌಲನೇ, ನನ್ನನ್ನು ಯಾಕೆ ಹಿಂಸಿಸುತ್ತೀ?" ಅಂತ ದನಿ ಕೇಳಿತು. ನೀನು ಯಾರು ಸ್ವಾಮಿ ಅಂದದ್ದಕ್ಕೆ, ನೀನು ಹಿಂಸಿಸುತ್ತಿರುವ ಯೇಸುವೇ ನಾನು ಅಂತ ಉತ್ತರ ಬಂತು. ಎದ್ದು ಕಣ್ಣು ಬಿಟ್ಟರೆ ಏನೂ ಕಾಣಿಸುತ್ತಿಲ್ಲ. ಊರಿನವರನ್ನು ಕಟ್ಟಿ ತರಲು ಹೊರಟಿದ್ದವನನ್ನು ಜೊತೆಯವರು ಕೈಹಿಡಿದು ಊರೊಳಗೆ ಕರೆದುಕೊಂಡು ಹೋದರು. ಮೂರು ದಿನ ಕಣ್ಣಿಲ್ಲ, ಅನ್ನವಿಲ್ಲ, ನೀರಿಲ್ಲ.

ಆ ಪ್ರಶ್ನೆಯನ್ನು ಗಮನಿಸಿ. ನನ್ನ ಶಿಷ್ಯರನ್ನು ಯಾಕೆ ಹಿಂಸಿಸುತ್ತೀ ಅಂತ ಕೇಳಿಲ್ಲ. ನನ್ನನ್ನು ಅಂತ ಕೇಳಿದೆ. ಸೌಲನ ಲೆಕ್ಕ ತಲೆಕೆಳಗಾದದ್ದು ಇಲ್ಲಿ. ಸತ್ತು ಮುಗಿದವನು ಅಂದುಕೊಂಡಿದ್ದವನು ಮಾತಾಡುತ್ತಿದ್ದಾನೆ, ಅಂದರೆ ಆ ಬೆಸ್ತರು ಹೇಳಿದ್ದೇ ನಿಜ, ಅಂದರೆ ದೇವರಿಗಾಗಿ ಅಂತ ತಾನು ಮಾಡಿದ ಕೆಲಸವೆಲ್ಲ ದೇವರ ವಿರುದ್ಧವೇ ಆಗಿತ್ತು. ಒಂದು ಇಟ್ಟಿಗೆ ಕಿತ್ತದ್ದಕ್ಕೆ ಇಡೀ ಗೋಡೆ ಕುಸಿಯಿತು, ಯಾಕೆಂದರೆ ಅವನ ವಿರೋಧವೆಲ್ಲ ಅದೊಂದರ ಮೇಲೇ ನಿಂತಿತ್ತು.

ಈ ಕಥೆ ಬೈಬಲಿನ 'ಅಪೊಸ್ತಲರ ಕೃತ್ಯಗಳು' ಭಾಗದಲ್ಲಿ ಮೂರು ಸಲ ಬರುತ್ತದೆ, 9, 22 ಮತ್ತು 26ನೇ ಅಧ್ಯಾಯಗಳಲ್ಲಿ. ಮೂರೂ ಪೂರ್ತಿ ಒಂದೇ ಥರ ಇಲ್ಲ. ಒಂದು ಕಡೆ ಜೊತೆಯವರಿಗೆ ದನಿ ಕೇಳಿಸಿತು, ಯಾರೂ ಕಾಣಲಿಲ್ಲ ಅಂತಿದೆ. ಇನ್ನೊಂದು ಕಡೆ ಬೆಳಕು ಕಂಡಿತು, ದನಿ ಕೇಳಿಸಲಿಲ್ಲ ಅಂತಿದೆ. ಮೂರನೆಯದರಲ್ಲಿ ಒಂದು ಹೆಚ್ಚಿನ ಸಾಲು: ಮುಳ್ಳುಗೋಲಿಗೆ ಒದೆಯುವುದು ನಿನಗೇ ಕಷ್ಟ. ಉಳುವ ಎತ್ತನ್ನು ಹಿಂದಿನಿಂದ ತಿವಿಯುವ ಮೊನೆಯ ಕೋಲು ಅದು. ಎತ್ತು ಸಿಟ್ಟಿಗೆದ್ದು ಒದ್ದರೆ ಗಾಯ ಎತ್ತಿಗೇ. ಸೌಲನನ್ನು ಒಳಗಿಂದ ಏನೋ ತಿವಿಯುತ್ತಿತ್ತು, ಅವನು ಒದೆಯುತ್ತಿದ್ದ ಅಂತ ಹಲವರು ಇದರಿಂದ ಅರ್ಥ ತೆಗೆಯುತ್ತಾರೆ.

ಪೌಲನ ಸ್ವಂತ ಪತ್ರಗಳಲ್ಲಿ ಮಾತ್ರ ಇಷ್ಟೊಂದು ವಿವರ ಇಲ್ಲ. ಗಲಾತ್ಯದವರಿಗೆ ಬರೆಯುವಾಗ, ದೇವರು ತನ್ನ ಮಗನನ್ನು ನನಗೆ ಪ್ರಕಟಿಸಿದನು ಅಂತ ಒಂದೇ ಮಾತಿನಲ್ಲಿ ಮುಗಿಸುತ್ತಾನೆ. ಬೆಳಕು, ಕುರುಡು ಯಾವುದೂ ಇಲ್ಲ. ನಮ್ಮ ಕಾಲದ ವಿಡಿಯೋಗಳಲ್ಲಿ ಬೆಳಕಿಗೇ ಅರ್ಧ ಗಂಟೆ ಹೋಗುತ್ತದೆ, ಇರಲಿ.

ಕುದುರೆ ಮತ್ತು ಹೆಸರು

ಎರಡು ತಪ್ಪು ತಿಳಿವಳಿಕೆ ಇಲ್ಲೇ ಮುಗಿಸೋಣ. ಸೌಲ ಕುದುರೆಯಿಂದ ಬಿದ್ದ ಅಂತ ಎಲ್ಲರೂ ಹೇಳುತ್ತಾರೆ. ಬೈಬಲಿನಲ್ಲಿ ಕುದುರೆಯೇ ಇಲ್ಲ. ಅದು ಚಿತ್ರಕಾರರು ತಂದದ್ದು. 1600ರ ಹೊತ್ತಿಗೆ ರೋಮಿನಲ್ಲಿ ಕಾರವಾಜೊ ಬಿಡಿಸಿದ ಚಿತ್ರದಲ್ಲಂತೂ ಮುಕ್ಕಾಲು ಜಾಗ ಕುದುರೆಯದ್ದೇ, ಸೌಲ ಅದರ ಕಾಲ ಕೆಳಗೆ ಬಿದ್ದಿದ್ದಾನೆ.

ಇನ್ನೊಂದು, ಮನಸ್ಸು ಬದಲಾದ ಕೂಡಲೇ ಸೌಲ ಹೆಸರು ಬದಲಿಸಿ ಪೌಲ ಆದ ಅನ್ನುವುದು. ಅವನಿಗೆ ಎರಡೂ ಹೆಸರು ಇದ್ದವು. ಮನೆಯಲ್ಲಿ ಒಂದು, ರೋಮನ್ನರ ಜಗತ್ತಿನಲ್ಲಿ ಓಡಾಡಲು ಇನ್ನೊಂದು. ದಮಸ್ಕದ ಘಟನೆ ಆಗಿ ಎಷ್ಟೋ ಕಾಲದ ನಂತರ, ಅಪೊಸ್ತಲರ ಕೃತ್ಯಗಳ 13ನೇ ಅಧ್ಯಾಯದಲ್ಲಿ, ಪೌಲನೆನಿಸಿಕೊಂಡ ಸೌಲ ಅಂತ ಬರುತ್ತದೆ.

ಕಾರಣ ಏನು ಅಂತಾರೆ?

ಇದಕ್ಕೆ ಉತ್ತರ ನೀವು ಯಾರನ್ನು ಕೇಳುತ್ತೀರಿ ಅನ್ನುವುದರ ಮೇಲಿದೆ. ಕ್ರೈಸ್ತರನ್ನು ಕೇಳಿದರೆ ಕೃಪೆ ಅನ್ನುತ್ತಾರೆ. ಯೋಗ್ಯತೆ ಇಲ್ಲದಿದ್ದರೂ, ಕೇಳದಿದ್ದರೂ ದೇವರೇ ಮುಂದಾಗಿ ಕೊಡುವುದಕ್ಕೆ ಅವರು ಇಟ್ಟ ಹೆಸರು ಅದು. ಸೌಲ ದೇವರನ್ನು ಹುಡುಕಿಕೊಂಡು ಹೋದದ್ದಲ್ಲ, ಅವನೇ ದೇವರ ಕೈಗೆ ಸಿಕ್ಕಿಬಿದ್ದ ಅನ್ನುವುದು ಅವರ ಓದು. ಪೌಲನೂ ಹಾಗೆಯೇ ಹೇಳಿಕೊಳ್ಳುತ್ತಾನೆ.

ಮನಶ್ಶಾಸ್ತ್ರದವರು ಬೇರೆ ಕಡೆಯಿಂದ ಬರುತ್ತಾರೆ. ಅಮೆರಿಕದ ವಿಲಿಯಂ ಜೇಮ್ಸ್ 1901 ಮತ್ತು 1902ರಲ್ಲಿ ಎಡಿನ್‌ಬರೋದಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಈ ವಿಷಯ ಕೈಗೆತ್ತಿಕೊಂಡರು. ಅವರ ಮಾತಿನ ಸಾರ ಹೀಗೆ: ಒಡೆದುಹೋದ ಮನಸ್ಸು ಒಂದಾಗುವುದೇ ಪರಿವರ್ತನೆ. ಅದು ನಿಧಾನವಾಗಿಯೂ ಆಗಬಹುದು, ತಟ್ಟನೆಯೂ ಆಗಬಹುದು. ತಟ್ಟನೆ ಆದಂತೆ ಕಾಣುವುದು ಬಹಳ ಸಲ ಮನಸ್ಸಿನ ತಳದಲ್ಲಿ ಎಷ್ಟೋ ದಿನದಿಂದ ನಡೆಯುತ್ತಿದ್ದದ್ದು ಒಮ್ಮೆಲೇ ಮೇಲೆ ಬಂದದ್ದು. ಈ ದಾರಿಯಲ್ಲಿ ಯೋಚಿಸುವವರು ಸ್ತೆಫನನ ಸಾವನ್ನು ತೋರಿಸುತ್ತಾರೆ. ಸಾಯುತ್ತಾ, ಇವರ ಮೇಲೆ ಈ ಪಾಪ ಹೊರಿಸಬೇಡ ಅಂತ ಪ್ರಾರ್ಥಿಸಿದವನನ್ನು ಹತ್ತಿರದಿಂದ ನೋಡಿದವನು ಸೌಲ. ಅದು ಒಳಗೆ ಕೊರೆಯುತ್ತಿರಲಿಲ್ಲ ಅಂತ ಹೇಗೆ ಹೇಳುವುದು? ಆದರೆ ಪೌಲನ ಪತ್ರಗಳಲ್ಲಿ ಅಂಥ ಕೊರಗಿನ ಸುಳಿವು ಸಿಗುವುದಿಲ್ಲ. ಆಗ ನಾನು ನಿರ್ದೋಷಿ ಅಂದುಕೊಂಡಿದ್ದೆ ಅಂತಲೇ ಬರೆದಿದ್ದಾನೆ. ಈ ವಿವರಣೆಯ ದುರ್ಬಲ ಜಾಗ ಇದು.

ವೈದ್ಯರಲ್ಲಿ ಕೆಲವರು ಇದು ಮೂರ್ಛೆರೋಗದ ಒಂದು ಬಗೆ ಇರಬಹುದು ಅಂದಿದ್ದಾರೆ. ಬೆಳಕು, ಬೀಳುವುದು, ದನಿ, ತಾತ್ಕಾಲಿಕ ಕುರುಡು ಇವನ್ನೆಲ್ಲ ಜೋಡಿಸಿ. 2000 ವರ್ಷ ಹಿಂದಿನ ರೋಗಿಯನ್ನು ಪುಸ್ತಕದಲ್ಲಿ ನೋಡಿ ರೋಗ ಹೇಳುವುದು ಎಷ್ಟು ಸರಿ ಅನ್ನುವುದು ಬೇರೆ ಮಾತು. ಅದು ನಿಜವೇ ಆಗಿದ್ದರೂ ಅರ್ಧ ಪ್ರಶ್ನೆ ಹಾಗೇ ಉಳಿಯುತ್ತದೆ. ಯಾಕೆ ಬಿದ್ದ ಅನ್ನುವುದಕ್ಕೆ ಉತ್ತರ ಸಿಗುತ್ತದೆ, ಎದ್ದ ಮೇಲೆ ಮೂವತ್ತು ವರ್ಷ ಹಾಗೆಯೇ ಯಾಕೆ ನಡೆದ ಅನ್ನುವುದಕ್ಕೆ ಸಿಗುವುದಿಲ್ಲ. ಜೇಮ್ಸ್ ಅವರೂ ಇದನ್ನೇ ಹೇಳಿದ್ದರು, ಇಂಥದ್ದನ್ನು ಬೇರಿನಿಂದ ಅಲ್ಲ, ಹಣ್ಣಿನಿಂದ ಅಳೆಯಬೇಕು ಅಂತ.

ಸ್ವೀಡನ್ನಿನ ಕ್ರಿಸ್ಟರ್ ಸ್ಟೆಂಡಾಲ್ ಎಂಬ ವಿದ್ವಾಂಸರು 20ನೇ ಶತಮಾನದಲ್ಲಿ ಇನ್ನೊಂದು ಮಾತು ಎತ್ತಿದರು. ಪೌಲ ಧರ್ಮ ಬದಲಿಸಲೇ ಇಲ್ಲ, ಹಳೆಯ ಪ್ರವಾದಿಗಳಿಗೆ ಬಂದ ಹಾಗೆ ಅವನಿಗೆ ಒಂದು ಕರೆ ಬಂತು ಅಷ್ಟೇ ಅಂತ. ತಾಯಿಯ ಹೊಟ್ಟೆಯಲ್ಲಿದ್ದಾಗಲೇ ದೇವರು ನನ್ನನ್ನು ಪ್ರತ್ಯೇಕಿಸಿದ ಅಂತ ಪೌಲ ಬರೆಯುವಾಗ ಪ್ರವಾದಿ ಯೆರೆಮೀಯನ ಮಾತೇ ಕೇಳಿಸುತ್ತದೆ. ಅದೇ ದೇವರು, ಅದೇ ಶಾಸ್ತ್ರ, ಕೆಲಸ ಮಾತ್ರ ಹೊಸದು.

ಏನು ಬದಲಾಯಿತು, ಏನು ಬದಲಾಗಲಿಲ್ಲ

ಕೋಡಿಬಾಗದ ಹತ್ತಿರ ಕಾಳಿ ಸಮುದ್ರ ಸೇರುವಲ್ಲಿ ನಿಂತು ನೋಡಿ. ಇಳಿತದ ಹೊತ್ತಿಗೆ ನೀರು ಕಡಲ ಕಡೆ ಎಳೆಯುತ್ತಿರುತ್ತದೆ, ಲಂಗರು ಹಾಕಿದ ದೋಣಿಗಳ ಮೂತಿ ಒಳನಾಡಿನ ಕಡೆಗಿರುತ್ತದೆ. ಉಬ್ಬರ ಏರಿದಂತೆ ಅದೇ ಹೊಳೆ ಒಳಮುಖವಾಗಿ ಹರಿಯುತ್ತದೆ, ದೋಣಿಗಳೆಲ್ಲ ತಿರುಗಿ ಕಡಲಿಗೆ ಮುಖ ಮಾಡುತ್ತವೆ. ದೋಣಿ ಅದೇ, ಹಗ್ಗ ಅದೇ, ಸೆಳೆತವೂ ಕಡಿಮೆ ಆಗಿಲ್ಲ, ದಿಕ್ಕು ಮಾತ್ರ ಬೇರೆ. ಸೌಲನಿಗೆ ಆದದ್ದು ಹೆಚ್ಚುಕಡಿಮೆ ಹೀಗೆ. ಒಂದೇ ವ್ಯತ್ಯಾಸ, ಉಬ್ಬರ ಸುಮಾರು ಆರು ತಾಸು ಕಳೆದರೆ ಮತ್ತೆ ಇಳಿಯುತ್ತದೆ, ಅವನು ಹಿಂದೆ ತಿರುಗಲಿಲ್ಲ.

ಅವನ ಸ್ವಭಾವ ನೋಡಿದರೆ ಇದು ಗೊತ್ತಾಗುತ್ತದೆ. ಮೊದಲೂ ಊರೂರು ಅಲೆಯುತ್ತಿದ್ದ, ಆಮೇಲೂ ಅಲೆದ. ಮೊದಲೂ ಅರ್ಧಂಬರ್ಧ ಗೊತ್ತಿರಲಿಲ್ಲ, ಆಮೇಲೂ ಇಲ್ಲ. ನಾಲಿಗೆಯ ಹರಿತವೂ ಹೋಗಲಿಲ್ಲ. ಗಲಾತ್ಯದವರಿಗೆ ಬುದ್ಧಿಯಿಲ್ಲದವರೇ ಅಂತ ಮುಖಕ್ಕೇ ಬರೆಯುತ್ತಾನೆ. ಅಂತಿಯೋಕ್ಯದಲ್ಲಿ ಯೇಸುವಿನ ಶಿಷ್ಯರಲ್ಲೇ ಹಿರಿಯನಾದ ಪೇತ್ರನನ್ನು ಎಲ್ಲರೆದುರಿಗೆ ತರಾಟೆಗೆ ತೆಗೆದುಕೊಳ್ಳುತ್ತಾನೆ. ತನಗೆ ಬೆನ್ನಾಗಿ ನಿಂತಿದ್ದ ಬಾರ್ನಬನ ಜೊತೆ ಜಗಳವಾಡಿ ಬೇರೆ ದಾರಿ ಹಿಡಿಯುತ್ತಾನೆ. ಮನಸ್ಸು ಬದಲಾದವನು ಬೆಣ್ಣೆಯಂತೆ ಮೆತ್ತಗಾಗುತ್ತಾನೆ ಅಂತ ಕಾಯುವವರಿಗೆ ಪೌಲ ನಿರಾಸೆ ಮಾಡುತ್ತಾನೆ. ಗುಡಾರದ ಕಸುಬೂ ಬಿಡಲಿಲ್ಲ, ಹೋದ ಊರಿನಲ್ಲಿ ಅದನ್ನೇ ಮಾಡಿ ಹೊಟ್ಟೆ ಹೊರೆದ.

ಬದಲಾದದ್ದು ಬೇರೆ. ಮೊದಲು ನಂಬಿಕೆಗಾಗಿ ಬೇರೆಯವರಿಗೆ ಏಟು ಹಾಕಿಸುತ್ತಿದ್ದ, ಆಮೇಲೆ ತಾನೇ ತಿಂದ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಲೆಕ್ಕ ಕೊಟ್ಟಿದ್ದಾನೆ: ಐದು ಸಲ 39 ಛಡಿ ಏಟು, ಮೂರು ಸಲ ಬೆತ್ತದ ಏಟು, ಒಂದು ಸಲ ಕಲ್ಲೆಸೆತ, ಮೂರು ಸಲ ಹಡಗು ಒಡೆದು ಕಡಲಪಾಲು. ಇನ್ನೊಂದು ದೊಡ್ಡ ಬದಲಾವಣೆ ಹೊರಗಿನವರ ವಿಷಯದಲ್ಲಿ. ಫರಿಸಾಯನಾಗಿ ಅವನು ಕುಲದ ಗಡಿಯನ್ನು ಕಾಯುತ್ತಿದ್ದವನು. ಅವನೇ ಮುಂದೆ ಯೆಹೂದಿಗಳಲ್ಲದವರು ಸುನ್ನತಿ ಇಲ್ಲದೆಯೇ ಸಭೆಗೆ ಬರಬಹುದು ಅಂತ ಹಟ ಹಿಡಿದ, ಅವರ ಜೊತೆ ಕೂತು ಊಟ ಮಾಡಿದ. ಪೇತ್ರನ ಜೊತೆ ಜಗಳ ಆದದ್ದೂ ಈ ಪಂಕ್ತಿಯ ವಿಷಯಕ್ಕೇ. ಒಟ್ಟಿಗೆ ಕೂತು ಉಣ್ಣುವುದು ಎಷ್ಟು ದೊಡ್ಡ ಸಂಗತಿ ಅಂತ ನಮ್ಮ ಜಿಲ್ಲೆಯವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇಶದ ಎರಡು ಕಥೆ

ನೀಲಕಂಠ ಗೋರೆ ಅವರದ್ದು ನನಗೆ ಎಲ್ಲಕ್ಕಿಂತ ಜಾಸ್ತಿ ಹಿಡಿಸಿದ ಕಥೆ. 1825ರಲ್ಲಿ ಹುಟ್ಟಿದವರು, ಚಿತ್ಪಾವನ ಬ್ರಾಹ್ಮಣರು, ಬೆಳೆದದ್ದು ಕಾಶಿಯಲ್ಲಿ. ಸಂಸ್ಕೃತದಲ್ಲಿ ಪಂಡಿತರು. ಮಿಷನರಿಗಳ ವಾದವನ್ನು ಖಂಡಿಸಿ ಸಂಸ್ಕೃತದಲ್ಲೇ ಒಂದು ಗ್ರಂಥ ಬರೆದರು, ಆಗ ಅವರಿಗೆ ಇಪ್ಪತ್ತು ವರ್ಷದ ಆಸುಪಾಸು. ಖಂಡಿಸಬೇಕಾದರೆ ಎದುರಾಳಿಯ ಪುಸ್ತಕ ಓದಬೇಕಲ್ಲ, ಓದಿದರು. ಓದುತ್ತಾ ಓದುತ್ತಾ ವಾದ ತನ್ನ ಕಡೆಗೇ ತಿರುಗಿತು. 1848ರಲ್ಲಿ ಜೌನ್‌ಪುರದಲ್ಲಿ ದೀಕ್ಷಾಸ್ನಾನ ಪಡೆದು ನೆಹೆಮಿಯಾ ಎಂಬ ಹೆಸರು ತೆಗೆದುಕೊಂಡರು. ಇಲ್ಲಿ ಬೆಳಕೂ ಇಲ್ಲ, ದನಿಯೂ ಇಲ್ಲ. ಪುಸ್ತಕ, ಚರ್ಚೆ, ನಿದ್ದೆಗೆಟ್ಟ ರಾತ್ರಿ ಇಷ್ಟೇ. ಇನ್ನೂ ಒಂದು ವಿಷಯ, ಕ್ರೈಸ್ತರಾದ ಮೇಲೂ ಅನುಮಾನಗಳು ಅವರನ್ನು ಬಿಡಲಿಲ್ಲ, 1895ರಲ್ಲಿ ತೀರಿಕೊಳ್ಳುವವರೆಗೂ ಕಾಡಿದವು. ಎಲ್ಲವನ್ನೂ ಪ್ರಶ್ನಿಸುವ ಪಂಡಿತನ ಬುದ್ಧಿ ದೀಕ್ಷಾಸ್ನಾನದ ನೀರಿನಲ್ಲಿ ತೊಳೆದು ಹೋಗಲಿಲ್ಲ.

ಸಾಧು ಸುಂದರ್ ಸಿಂಗ್ ಅವರದ್ದು ಇದಕ್ಕೆ ಪೂರ್ತಿ ಉಲ್ಟಾ. ಪಂಜಾಬಿನ ರಾಂಪುರದ ಸಿಖ್ ಮನೆತನ, ಹುಟ್ಟಿದ್ದು 1889ರಲ್ಲಿ. ತುಂಬ ಹಚ್ಚಿಕೊಂಡಿದ್ದ ತಾಯಿ ಹದಿನಾಲ್ಕರ ಹೊತ್ತಿಗೆ ತೀರಿಕೊಂಡರು. ಹುಡುಗ ಮಿಷನ್ ಶಾಲೆಯವರ ಮೇಲೆ ಕೋಪ ಕಾರತೊಡಗಿದ, ಸುವಾರ್ತೆಯ ಪುಸ್ತಕವನ್ನು ಹರಿದು ಬೆಂಕಿಗೆ ಹಾಕಿದ. 1904ರ ಡಿಸೆಂಬರಿನ ಒಂದು ರಾತ್ರಿ, ದೇವರೆಂಬುವನು ಇದ್ದರೆ ಬೆಳಗಿನ ರೈಲು ಬರುವುದರೊಳಗೆ ಕಾಣಿಸಿಕೊಳ್ಳಲಿ, ಇಲ್ಲದಿದ್ದರೆ ಹಳಿಗೆ ತಲೆ ಕೊಡುತ್ತೇನೆ ಅಂತ ಕೂತ. ರೈಲಿಗೆ ಮೊದಲೇ ಯೇಸುವಿನ ದರ್ಶನವಾಯಿತು ಅಂತ ಮುಂದೆ ಅವರೇ ಹೇಳಿಕೊಂಡರು. ಮನೆಯವರು ದೂರ ಮಾಡಿದರು. 1905ರಲ್ಲಿ ಶಿಮ್ಲಾದಲ್ಲಿ ದೀಕ್ಷಾಸ್ನಾನ, ಆಮೇಲೆ ಕಾವಿ ತೊಟ್ಟು ಬರಿಗಾಲಲ್ಲಿ ತಿರುಗಾಟ. ಅವರು ಹೇಳಿದ ಸಂಗತಿಗಳು ಎಷ್ಟು ನಂಬಬಹುದು ಅಂತ 1920ರ ದಶಕದಲ್ಲಿ ಯುರೋಪಿನಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. 1929ರಲ್ಲಿ ಟಿಬೆಟಿನ ಕಡೆ ಹೊರಟವರು ಮತ್ತೆ ಸಿಗಲಿಲ್ಲ.

ಮಿಂಚು ಹೊಡೆಯದೆಯೂ ಆಗುತ್ತದೆ

ಕುಮಟಾ ಹೊನ್ನಾವರ ನಡುವಿನ ಚಂದಾವರದ ಫೆಸ್ತಿಗೆ ಡಿಸೆಂಬರ್ 3ಕ್ಕೆ ಎಲ್ಲ ಜಾತಿ ಧರ್ಮದವರೂ ಹೋಗುತ್ತಾರೆ. ಅಲ್ಲಿನ ಸಂತ ಫ್ರಾನ್ಸಿಸ್ ಕ್ಸೇವಿಯರ್ ಕೂಡ ಶುರುವಿನಲ್ಲಿ ಸಂತನಾಗುವ ಅಂದಾಜಿನಲ್ಲಿರಲಿಲ್ಲ. ಪ್ಯಾರಿಸ್ಸಿನಲ್ಲಿ ಓದುತ್ತಿದ್ದ, ಹೆಸರು ಮಾಡಬೇಕು ಅನ್ನುವ ಹುಡುಗ. 1529ರಲ್ಲಿ ಅದೇ ಕೋಣೆಗೆ ಇಗ್ನೇಷಿಯಸ್ ಲೊಯೊಲ ಬಂದ. ಯುದ್ಧದಲ್ಲಿ ಫಿರಂಗಿ ಗುಂಡು ತಗಲಿ ಕಾಲು ಮುರಿದುಕೊಂಡು, ಹಾಸಿಗೆಯಲ್ಲಿ ಸಂತರ ಚರಿತ್ರೆ ಓದಿ ಬದಲಾದ ಮಾಜಿ ಯೋಧ ಅವನು. ಕ್ಸೇವಿಯರ್‌ಗೆ ಈ ವಯಸ್ಸಾದ, ಕುಂಟುವ, ಬಡ ಸಹಪಾಠಿ ಅಂದರೆ ತಮಾಷೆ. ಆ ತಮಾಷೆ ಕರಗಲು ವರ್ಷಗಳೇ ಹಿಡಿದವು. 1534ರಲ್ಲಿ ಇಬ್ಬರೂ ಒಟ್ಟಿಗೆ ವ್ರತ ತೊಟ್ಟರು, 1542ರಲ್ಲಿ ಕ್ಸೇವಿಯರ್ ಗೋವಾಕ್ಕೆ ಬಂದಿಳಿದ.

ಜಾನ್ ನ್ಯೂಟನ್ ಎಂಬ ಇಂಗ್ಲಿಷ್ ನಾವಿಕನ ಕಥೆಯನ್ನೂ ಹೇಳಬೇಕು, ಅದು ಸ್ವಲ್ಪ ಇರುಸುಮುರುಸು ಮಾಡುವಂಥದ್ದು. ದೇವರ ಹೆಸರೆತ್ತಿದರೆ ಗೇಲಿ ಮಾಡುತ್ತಿದ್ದವನು 1748ರ ಮಾರ್ಚಿನಲ್ಲಿ ಅಟ್ಲಾಂಟಿಕ್ ಬಿರುಗಾಳಿಗೆ ಸಿಕ್ಕಿ, ಹಡಗಿನೊಳಗೆ ನುಗ್ಗಿದ ನೀರನ್ನು ಗಂಟೆಗಟ್ಟಲೆ ಪಂಪು ಹೊಡೆಯುತ್ತಾ ದೇವರನ್ನು ಕೂಗಿದ. ಬದುಕಿ ಬಂದ, ನಂಬಿಕೆ ಬಂತು. ಆದರೆ ಅದಾದ ಮೇಲೂ ಗುಲಾಮರನ್ನು ಸಾಗಿಸುವ ಹಡಗಿಗೆ ಕ್ಯಾಪ್ಟನ್ ಆದ! 1754ರಲ್ಲಿ ಬಿಟ್ಟದ್ದೂ ಕಾಯಿಲೆ ಬಿದ್ದು. ಆಮೇಲೆ ಪಾದ್ರಿಯಾದ, ಲೋಕದ ತುಂಬ ಈಗಲೂ ಹಾಡುವ ಒಂದು ಸ್ತುತಿಗೀತೆ ಬರೆದ. ಗುಲಾಮರ ವ್ಯಾಪಾರದ ವಿರುದ್ಧ ಬಹಿರಂಗವಾಗಿ ಬರೆದದ್ದು 1788ರಲ್ಲಿ. ಬಿರುಗಾಳಿಯಿಂದ ಅಲ್ಲಿಗೆ 40 ವರ್ಷ.

ಸಾಕ್ಷಿ ಕೇಳುವಾಗ

ತನ್ನ ಬದುಕು ಹೇಗೆ ಬದಲಾಯಿತು ಅಂತ ಸಭೆಯೆದುರು ಹೇಳುವುದಕ್ಕೆ ಕ್ರೈಸ್ತರು ಸಾಕ್ಷಿ ಹೇಳುವುದು ಅನ್ನುತ್ತಾರೆ. ಸಾಕ್ಷಿಯ ಬಗ್ಗೆ ಸಮಾಜಶಾಸ್ತ್ರದವರು ಗಮನಿಸಿದ ಒಂದು ಮಾತು ಉಪಯೋಗಕ್ಕೆ ಬರುತ್ತದೆ. ಯಾರೇ ಆಗಲಿ, ಬದಲಾದ ಮೇಲೆ ಹಿಂದಿನದನ್ನು ಹೇಳುವಾಗ ಈಗಿನ ಕಣ್ಣಿನಿಂದಲೇ ಹೇಳುತ್ತಾರೆ. ಹಳೆಯ ಕತ್ತಲು ಇನ್ನಷ್ಟು ಕಪ್ಪಾಗುತ್ತದೆ, ಆಗ ಗಮನಕ್ಕೇ ಬಾರದ ಸಣ್ಣ ಘಟನೆ ಈಗ ದೇವರ ಸೂಚನೆ ಆಗುತ್ತದೆ. ಇದು ಸುಳ್ಳು ಹೇಳುವುದಲ್ಲ, ನೆನಪು ಕೆಲಸ ಮಾಡುವ ರೀತಿಯೇ ಹಾಗೆ. ನಂಬಿಕೆ ಬಿಟ್ಟು ಹೊರಬಂದವರ ಕಥೆಗಳೂ ಇದೇ ಅಚ್ಚಿನಲ್ಲಿರುತ್ತವೆ, ಕತ್ತಲು ಬೆಳಕು ಅದಲುಬದಲಾಗಿರುತ್ತದೆ ಅಷ್ಟೇ.

ಹಾಗಾದರೆ ನಿಜವೋ ನಾಟಕವೋ ಅಂತ ಗೊತ್ತಾಗುವುದು ಹೇಗೆ? ದಮಸ್ಕದ ಕಥೆಯಲ್ಲಿ ಇದಕ್ಕೆ ಬೆಳಕೊಂದನ್ನೇ ಪುರಾವೆಯಾಗಿ ತೆಗೆದುಕೊಳ್ಳಲಿಲ್ಲ. ಕಾಲಕ್ಕೆ ಬಿಟ್ಟರು. ಘಟನೆಯ ಬಳಿಕ ಸೌಲ ಅರಬಸ್ಥಾನಕ್ಕೆ ಹೋಗಿ, ದಮಸ್ಕಕ್ಕೆ ಮರಳಿ, ಮೂರು ವರ್ಷ ಆದ ಮೇಲೆ ಯೆರೂಸಲೇಮಿಗೆ ಬಂದು ಪೇತ್ರನ ಹತ್ತಿರ 15 ದಿನ ಇದ್ದ. ಎರಡನೆಯ ಸಲ ಅಲ್ಲಿಗೆ ಹೋದದ್ದು 14 ವರ್ಷ ಬಿಟ್ಟು. ವಿಡಿಯೋದಲ್ಲಿ ಇಂದು ಬೆಳಗ್ಗೆ ಬದಲಾಗಿ ಸಂಜೆಗೆ ವೇದಿಕೆ ಹತ್ತುವವರನ್ನು ನೋಡುವಾಗ ಈ ಅಂಕಿಗಳು ನನಗೆ ನೆನಪಾಗುತ್ತವೆ.

ಶತ್ರುವನ್ನು ಮನೆಗೆ ಸೇರಿಸಿಕೊಂಡವರು

ಈ ಕಥೆಯಲ್ಲಿ ಎಲ್ಲರೂ ಸೌಲನನ್ನೇ ನೋಡುತ್ತಾರೆ. ಆದರೆ ಇನ್ನಿಬ್ಬರು ಇಲ್ಲದಿದ್ದರೆ ಅವನು ಕುರುಡನಾಗಿಯೇ, ಒಂಟಿಯಾಗಿಯೇ ಉಳಿಯುತ್ತಿದ್ದ.

ಮೊದಲನೆಯವನು ಅನನೀಯ, ದಮಸ್ಕದ ಒಬ್ಬ ಸಾಮಾನ್ಯ ಶಿಷ್ಯ. ನೆಟ್ಟನೆ ಬೀದಿಯಲ್ಲಿ ಯೂದ ಎಂಬವನ ಮನೆಯಲ್ಲಿ ಸೌಲ ಇದ್ದಾನೆ, ಹೋಗು ಅಂತ ಅವನಿಗೆ ದರ್ಶನದಲ್ಲಿ ಅಪ್ಪಣೆಯಾಗುತ್ತದೆ. ಆ ಬೀದಿ ದಮಸ್ಕದ ಹಳೇ ಪೇಟೆಯಲ್ಲಿ ಈಗಲೂ ಇದೆ. ಅನನೀಯ ಮೊದಲು ಒಪ್ಪುವುದಿಲ್ಲ. ಈ ಮನುಷ್ಯ ಏನೇನು ಮಾಡಿದ್ದಾನೆ ಅಂತ ಕೇಳಿದ್ದೇನೆ, ನಮ್ಮನ್ನು ಕಟ್ಟಿ ಒಯ್ಯಲು ಅಧಿಕಾರ ಹಿಡಿದು ಬಂದಿದ್ದಾನೆ ಅಂತ ದೇವರಿಗೇ ತಿರುಗಿ ಹೇಳುತ್ತಾನೆ. ಹೆದರಿಕೆ ಸಹಜ ಅಲ್ವಾ? ಅವನ ಹೆಸರೂ ಸೌಲನ ಪಟ್ಟಿಯಲ್ಲಿ ಇದ್ದಿರಬಹುದು. ಆದರೂ ಹೋದ. ಕುರುಡನ ತಲೆಯ ಮೇಲೆ ಕೈಯಿಟ್ಟು ಅವನು ಆಡಿದ ಮೊದಲ ಮಾತು, ಸಹೋದರನಾದ ಸೌಲನೇ ಅಂತ. ಕಣ್ಣಿನಿಂದ ಪರೆಯಂಥದ್ದು ಬಿತ್ತು, ಸೌಲ ಎದ್ದು ದೀಕ್ಷಾಸ್ನಾನ ಮಾಡಿಸಿಕೊಂಡ, ಆಮೇಲೆ ಊಟ ಮಾಡಿದ.

ಎರಡನೆಯವನು ಬಾರ್ನಬ. ಸೌಲ ಯೆರೂಸಲೇಮಿಗೆ ಬಂದು ಶಿಷ್ಯರ ಜೊತೆ ಸೇರಲು ನೋಡಿದಾಗ ಒಬ್ಬರೂ ಹತ್ತಿರ ಸೇರಿಸಲಿಲ್ಲ. ಇದು ಒಳಗೆ ನುಸುಳಿ ಹಿಡಿಯುವ ಉಪಾಯ ಅಂತಲೇ ಅವರು ಅಂದುಕೊಂಡಿರಬೇಕು. ಅವರ ಮನೆಗಳಿಂದಲೇ ಜನರನ್ನು ಎಳೆದುಕೊಂಡು ಹೋದವನು ಇವನು. ಬಾರ್ನಬ ಕೈಹಿಡಿದು ಕರೆದುಕೊಂಡು ಹೋಗಿ, ಇವನಿಗೆ ನಾನು ಜಾಮೀನು ಅನ್ನುವ ಹಾಗೆ ಮಾತಾಡಿದ. ಅಷ್ಟಾದರೂ ಸೌಲ ಅಲ್ಲಿ ಹೆಚ್ಚು ದಿನ ನಿಲ್ಲಲಿಲ್ಲ. ಅವನು ವಾದ ಮಾಡಿದ ಗ್ರೀಕ್ ಮಾತಾಡುವ ಯೆಹೂದಿಗಳು ಕೊಲ್ಲಲು ನೋಡಿದ್ದರಿಂದ ಶಿಷ್ಯರು ಅವನನ್ನು ಹುಟ್ಟೂರು ತಾರ್ಸಕ್ಕೆ ಸಾಗಹಾಕಿದರು.

ಅಲ್ಲಿಂದ ಎಷ್ಟೋ ವರ್ಷ ಅವನ ಸುದ್ದಿಯೇ ಇಲ್ಲ. ಕಡೆಗೆ ಆಗಿನ ಸಿರಿಯಾ ಪ್ರಾಂತದ ಅಂತಿಯೋಕ್ಯದಲ್ಲಿ ಯೆಹೂದಿಗಳಲ್ಲದವರೂ ಸಭೆಗೆ ಬರತೊಡಗಿದಾಗ, ಅವರಿಗೆ ಕಲಿಸಲು ಒಬ್ಬ ಬೇಕು ಅಂತ ಬಾರ್ನಬನೇ ತಾರ್ಸಕ್ಕೆ ಹೋಗಿ ಸೌಲನನ್ನು ಹುಡುಕಿ ಕರೆತಂದ. ಇಬ್ಬರೂ ಅಲ್ಲಿ ಒಂದು ವರ್ಷ ಇದ್ದು ಕಲಿಸಿದರು. ಶಿಷ್ಯರಿಗೆ ಕ್ರೈಸ್ತರು ಅನ್ನುವ ಹೆಸರು ಮೊದಲು ಬಿದ್ದದ್ದು ಆ ಊರಿನಲ್ಲೇ.